ಕನಿಷ್ಠ ಐದು ಜೊತೆ

ಆಗಸ್ಟ್ ೩

ಅಪ್ಪಾ,

ಈ ಸುದ್ದಿಯನ್ನು ಫೋನಿನಲ್ಲಿ ಹೇಳಿದರೆ ನೀವು ಕೂಗಾಡುತ್ತೀರಿ. ಕೂಗಾಡಿದರೆ ಕೆಮ್ಮು ಕೆರಳುತ್ತದೆ, ಆಮೇಲೆ ಅಲ್ಲಿ ನಿಮ್ಮನ್ನು ನೋಡಿಕೊಳ್ಳುವ ಅಕ್ಕ ನನಗೆ ಬೈಯುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದಿ, ಆಮೇಲೆ ಕೂಗಾಡಿ.

ಚಿಕ್ಕಪ್ಪ ಒಬ್ಬ ಸಲಹೆಗಾರನನ್ನು ಕರೆಸಿದ್ದಾರೆ. ಟೈ ಕಟ್ಟಿಕೊಂಡು ಬಂದ. ಜೋಡು ಹೊಲಿಯುವ ಜಾಗಕ್ಕೆ ಬರುವವನು ತಾನೇ ಹಿಮ್ಮಡಿ ಸವೆದ ಬೂಟು ಹಾಕಿಕೊಂಡಿದ್ದ. ಅಳತೆ ಬೆಂಚಿನ ಅಚ್ಚಿನಕ್ಕ ಮೊದಲು ನೋಡಿದ್ದು ಅದನ್ನೇ. ಕೆಲವು ದಿನ ಕತ್ತರಿ ಮೇಜುಗಳ ಹತ್ತಿರ ನಿಂತ, ಕೆಲವು ದಿನ ಹೊಲಿಗೆ ಕೋಣೆಯಲ್ಲಿ ಕೂತ. ಯಾವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಬರೆದುಕೊಂಡ. ನಿನ್ನೆ ಒಂದು ಹಾಳೆ ಕೊಟ್ಟ. ಸಿಂಪ್ಲೆಕ್ಸ್ ವಿಧಾನ ಅಂತೆ. ಇರುವ ಆಳು, ಇರುವ ಯಂತ್ರದಲ್ಲಿ ಏನನ್ನು ಎಷ್ಟು ಮಾಡಿದರೆ ಲಾಭ ಅತಿ ಹೆಚ್ಚು ಎಂದು ಹೇಳುವ ಲೆಕ್ಕ. ಹಾಳೆಯ ಕೊನೆಯಲ್ಲಿ ಮೂರು ಸಾಲು: ವಾರಕ್ಕೆ ಬೂಟು ನಲವತ್ತು ಜೊತೆ. ಚಪ್ಪಲಿ ನಲವತ್ತು ಜೊತೆ. ಅಳತೆ ಜೋಡು ಸೊನ್ನೆ.

ಚಿಕ್ಕಪ್ಪ ಆ ಸೊನ್ನೆಗೆ ಪೆನ್ಸಿಲಿನಲ್ಲಿ ಇನ್ನೊಂದು ಸುತ್ತು ಹಾಕಿದರು. ವರ್ಷದ ಕೊನೆಗೆ ಅಳತೆ ಬೆಂಚು ಮುಚ್ಚಬೇಕಂತೆ. ಕಾಲು ಸಮ ಇಲ್ಲದವರು, ಪಾದ ತಿರುಚಿದವರು ಬೇರೆ ಊರಿಗೆ ಹೋಗಲಿ ಅಂದರು. ಸುದ್ದಿ ಕೇಳಿ ಅಚ್ಚಿನಕ್ಕ ಕೈಯಲ್ಲಿದ್ದ ಪಾದದ ಆಕಾರದ ಮರದ ಅಚ್ಚನ್ನು ಕೆಳಗಿಡದೆ, "ಸೊನ್ನೆ ಅಂದ್ರೆ ನಾನಾ? ನನ್ನ ಗಾತ್ರ ನೋಡಿ ಇಷ್ಟು ವರ್ಷದಲ್ಲಿ ಯಾರೂ ಹಾಗಂದಿಲ್ಲ ಕಣಮ್ಮಾ" ಅಂದಳು. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ನಾನೇನು ಮಾಡಲಿ?

ನಿಮ್ಮ ಮಗಳು


ಆಗಸ್ಟ್ ೧೧

ಮಗಳೇ,

ಕೂಗಾಡಿದೆ. ಕೆಮ್ಮಿದೆ. ನಿನ್ನ ಅಕ್ಕ ಕಷಾಯ ಕುಡಿಸಿದಳು. ಈಗ ಬರೆಯುತ್ತಿದ್ದೇನೆ.

ಆ ಹಾಳೆಯನ್ನು ಅಂಟಿನ ಡಬ್ಬಕ್ಕೆ ಮುಚ್ಚಳ ಮಾಡು. ನಮ್ಮ ಕಾರ್ಖಾನೆ ಶುರುವಾದದ್ದೇ ಅಳತೆ ಬೆಂಚಿನಿಂದ. ನಿನ್ನ ಚಿಕ್ಕಪ್ಪನ ಎಡಗಾಲು ಎರಡು ಬೆರಳಷ್ಟು ಗಿಡ್ಡ. ಅವನು ಶಾಲೆಗೆ ಹೋಗಲು ಒಪ್ಪದಿದ್ದಾಗ ನಾನು ಅಟ್ಟೆಯ ಮೇಲೆ ಅಟ್ಟೆ ಕೂರಿಸಿ ಒಂದು ಜೋಡು ಮಾಡಿಕೊಟ್ಟೆ. ಅದನ್ನು ನೋಡಿ ಇನ್ನೊಬ್ಬರು ಬಂದರು. ಬೂಟು, ಚಪ್ಪಲಿ ಎಲ್ಲ ಆಮೇಲಿನ ಮಾತು. ಇಂದಿಗೂ ಆ ಬೆಂಚಿನ ಜೋಡು ಹಾಕಿಕೊಂಡೇ ಓಡಾಡುವವನು ಆ ಬೆಂಚನ್ನೇ ಮುಚ್ಚು ಅನ್ನುತ್ತಾನೆ ಅಂದರೆ ಅವನ ತಲೆಗೆ ಏನೋ ಹೊಕ್ಕಿದೆ.

ಆದರೆ ಒಂದು ವಿಷಯ ನಿನಗೆ ಗೊತ್ತಿರಲಿ. ಅರ್ಧ ಪಾಲು ನನ್ನದು, ಅರ್ಧ ಅವನದು. ಪಾಲುದಾರಿಕೆಯ ಕಾಗದ ಬರೆಸಿದಾಗ ಅಣ್ಣ ತಮ್ಮ ಜಗಳವಾಡಿ ಮನೆ ಹಾಳಾಗಬಾರದು ಎಂದು ನಾನೇ ಒಂದು ಮಾತು ಸೇರಿಸಿದ್ದೆ. ಇಬ್ಬರ ಮನಸ್ಸು ಕೂಡದಿದ್ದರೆ ಯಾವ ದಾರಿಯಲ್ಲಿ ಲಾಭ ಹೆಚ್ಚೋ ಅದೇ ದಾರಿ. ಆಗ ಅದು ಜಾಣತನ ಅನ್ನಿಸಿತ್ತು.

ಹಾಗಾಗಿ ಬರಿ ಬೇಡ ಅಂದರೆ ಸಾಲದು. ಆ ಲೆಕ್ಕ ತಪ್ಪು ಎಂದು ತೋರಿಸಬೇಕು. ತಪ್ಪು ಇದ್ದೇ ಇರುತ್ತದೆ. ಹಿಮ್ಮಡಿ ಸವೆದ ಬೂಟು ಹಾಕುವವನ ಲೆಕ್ಕ ಸರಿ ಇರುತ್ತದೆಯೇ?

ಅಪ್ಪ


ಆಗಸ್ಟ್ ೩೦

ಅಪ್ಪಾ,

ಸಲಹೆಗಾರನ ಹತ್ತಿರವೇ ಹೋಗಿ ಕಲಿಸು ಅಂದೆ. ಯಾಕೆ ಅಂತ ಕೇಳಿದ. "ನಿಮ್ಮ ತಪ್ಪು ಹುಡುಕೋದಕ್ಕೆ" ಅಂದೆ. ಕೋಪ ಬರಬಹುದು ಅಂದುಕೊಂಡಿದ್ದೆ. ಕುರ್ಚಿ ಎಳೆದು ಹಾಕಿದ. "ನನ್ನ ಹತ್ರ ಇಂಥ ಕಾರಣ ಹೇಳಿ ಯಾರೂ ಬಂದಿರಲಿಲ್ಲ, ಕೂತ್ಕೊಳ್ಳಿ" ಅಂದ.

ಲೆಕ್ಕ ಹೀಗಿದೆ. ಎರಡು ಕತ್ತರಿ ಮೇಜಿನಿಂದ ವಾರಕ್ಕೆ ಎಂಬತ್ತು ಗಂಟೆ. ಮೂರು ಹೊಲಿಗೆ ಯಂತ್ರದಿಂದ ನೂರಿಪ್ಪತ್ತು ಗಂಟೆ. ಇವು ಎರಡು ಮಿತಿ, ಎರಡು ಸಾಲು. ಒಂದು ಜೊತೆ ಬೂಟಿಗೆ ಕತ್ತರಿ ಒಂದು ಗಂಟೆ, ಹೊಲಿಗೆ ಎರಡು, ಲಾಭ ಐವತ್ತು. ಚಪ್ಪಲಿಗೆ ಕತ್ತರಿ ಒಂದು, ಹೊಲಿಗೆ ಒಂದು, ಲಾಭ ಮೂವತ್ತು. ಅಳತೆ ಜೋಡಿಗೆ ಕತ್ತರಿ ಮೂರು, ಹೊಲಿಗೆ ನಾಲ್ಕು, ಲಾಭ ತೊಂಬತ್ತು. ಏನೂ ಮಾಡದ ಸ್ಥಿತಿಯಿಂದ ಶುರು ಮಾಡಬೇಕು. ಯಾವುದರ ಲಾಭ ಜಾಸ್ತಿಯೋ ಅದನ್ನು ಒಳಗೆ ಕರೆಯಬೇಕು. ಯಾವ ಮಿತಿ ಮೊದಲು ಅಡ್ಡ ಬರುತ್ತದೋ ಅಲ್ಲಿ ನಿಲ್ಲಬೇಕು. ಆಮೇಲೆ ಇನ್ನೇನನ್ನಾದರೂ ಒಳಗೆ ತಂದರೆ ಲಾಭ ಏರುತ್ತದೆಯೇ ಎಂದು ಮತ್ತೆ ನೋಡಬೇಕು. ಏರುವುದು ನಿಂತಾಗ ಉತ್ತರ ಸಿಕ್ಕಿತು.

ಮನೆಗೆ ಬಂದು ನಾನೇ ಮಾಡಿದೆ. ಮೊದಲ ಸಲ ಅಡ್ಡ ಬರುವ ಸಾಲನ್ನು ತಪ್ಪಾಗಿ ಆರಿಸಿಬಿಟ್ಟೆ. ಕತ್ತರಿಯನ್ನು ನೋಡದೆ ಹೊಲಿಗೆಯನ್ನೇ ಮಿತಿ ಅಂದುಕೊಂಡೆ. ಮೂವತ್ತು ಜೊತೆ ಅಳತೆ ಜೋಡು ಬಂತು, ಖುಷಿಯಿಂದ ಅಚ್ಚಿನಕ್ಕನಿಗೆ ತೋರಿಸಿದೆ. ಅವಳು ಎಲ್ಲರಿಗೂ ಹೇಳಿಕೊಂಡು ಬಂದಳು. ಸಲಹೆಗಾರ ಹಾಳೆ ನೋಡಿ, "ಕತ್ತರಿ ಮೇಜಲ್ಲಿ ಎಷ್ಟು ಗಂಟೆ ಉಳೀತು ನೋಡಿ" ಅಂದ. ನೋಡಿದೆ. ಮೈನಸ್ ಹತ್ತು ಗಂಟೆ. ಇಲ್ಲದ ಗಂಟೆಯಲ್ಲಿ ನಾನು ಚರ್ಮ ಕತ್ತರಿಸಿದ್ದೆ.

ಮತ್ತೆ ಮಾಡುತ್ತಿದ್ದೇನೆ.

ನಿಮ್ಮ ಮಗಳು


ಸೆಪ್ಟೆಂಬರ್ ೯

ಮಗಳೇ,

ನಿನ್ನ ಮೈನಸ್ ಹತ್ತು ಗಂಟೆಯಲ್ಲಿ ತಪ್ಪೇನೂ ಕಾಣಲಿಲ್ಲ. ದೊಡ್ಡ ಕತ್ತರಿ ಮೇಜಿನವನು ವರ್ಷಗಟ್ಟಲೆ ನನಗೆ ಅದನ್ನೇ ಕೊಡುತ್ತ ಬಂದಿದ್ದಾನೆ. ಸಂಬಳ ಮಾತ್ರ ಪ್ಲಸ್ಸಿನಲ್ಲಿ ತೆಗೆದುಕೊಳ್ಳುತ್ತಾನೆ.

ಒಂದು ಸಂಗತಿ ನನ್ನ ತಲೆಗೆ ಹತ್ತುತ್ತಿಲ್ಲ. ಮೂರರಲ್ಲಿ ಲಾಭ ಹೆಚ್ಚಿರುವುದು ಅಳತೆ ಜೋಡಿಗೇ. ತೊಂಬತ್ತು! ಚಪ್ಪಲಿಯ ಮೂರು ಪಟ್ಟು. ಅಂಥದ್ದನ್ನು ಸೊನ್ನೆ ಮಾಡುವ ಲೆಕ್ಕ ಎಂಥ ಲೆಕ್ಕ? ಅಲ್ಲೇ ಇದೆ ತಪ್ಪು. ಅಲ್ಲೇ ಅಗೆ.

ನಿನ್ನ ಭಾವನ ಮನೆಯ ಕಿಟಕಿಯಿಂದ ಬೀದಿ ಕಾಣುತ್ತದೆ. ಇಡೀ ದಿನ ಹೋಗಿ ಬರುವವರ ಕಾಲು ನೋಡುತ್ತ ಕೂರುತ್ತೇನೆ. ಹಿಮ್ಮಡಿ ಒಂದೇ ಕಡೆ ಸವೆದವರು ಎಷ್ಟು ಜನ ಗೊತ್ತೇ? ಕರೆದು ಹೇಳೋಣ ಅನ್ನಿಸುತ್ತದೆ. ನಿನ್ನ ಅಕ್ಕ ಮರ್ಯಾದೆ ತೆಗೀಬೇಡಿ ಅನ್ನುತ್ತಾಳೆ.

ಅಪ್ಪ


ಅಕ್ಟೋಬರ್ ೨

ಅಪ್ಪಾ,

ಬರೆಯಲು ತಡಮಾಡಿದೆ. ಕೆಲಸ ಹೆಚ್ಚಿತ್ತು ಅಂದರೆ ನೀವು ನಂಬುವುದಿಲ್ಲ, ಬಿಡಿ.

ಲೆಕ್ಕ ಸರಿ ಇದೆ.

ಸಲಹೆಗಾರನ ಹಾಳೆ ನೋಡದೆ ಮಾಡಿದೆ. ಸಾಲು ಅದಲು ಬದಲು ಮಾಡಿ ಮಾಡಿದೆ. ಗಂಟೆಗಳನ್ನು ನಾನೇ ಗಡಿಯಾರ ಹಿಡಿದು ಅಳೆದೆ. ಪ್ರತಿ ಸಲವೂ ಅದೇ ಉತ್ತರ. ನೀವು ಕೇಳಿದ ತೊಂಬತ್ತರ ಕಥೆಯನ್ನೂ ಹೇಳುತ್ತೇನೆ. ಮೊದಲ ಹೆಜ್ಜೆಯಲ್ಲಿ ಒಳಗೆ ಬರುವುದು ಅಳತೆ ಜೋಡೇ. ಎಲ್ಲರಿಗಿಂತ ಮೊದಲು, ಮರ್ಯಾದೆಯಿಂದ. ಎರಡನೆಯ ಹೆಜ್ಜೆಯಲ್ಲಿ ಬೂಟು ಬಂದು ಪಕ್ಕದಲ್ಲಿ ಕೂರುತ್ತದೆ. ಇಪ್ಪತ್ತು ಜೊತೆ ಅದು, ಇಪ್ಪತ್ತು ಜೊತೆ ಇದು. ವಾರದ ಲಾಭ ಎರಡು ಸಾವಿರದ ಎಂಟುನೂರು. ಇಲ್ಲಿಗೇ ನಿಂತರೆ ಸಾಕು ಅನ್ನಿಸಿತ್ತು. ಮೂರನೆಯ ಹೆಜ್ಜೆಯಲ್ಲಿ ಚಪ್ಪಲಿ ಒಳಗೆ ಬರುತ್ತದೆ. ಅದಕ್ಕೆ ಜಾಗ ಮಾಡಲು ಎದ್ದು ಹೋಗುವುದು ಅಳತೆ ಜೋಡು. ಲಾಭ ಮೂರು ಸಾವಿರದ ಇನ್ನೂರಕ್ಕೆ ಏರುತ್ತದೆ, ಅಲ್ಲಿಂದ ಮುಂದೆ ಏರುವುದಿಲ್ಲ. ಒಂದು ಜೊತೆ ಅಳತೆ ಜೋಡು ತೊಂಬತ್ತು ತರುತ್ತದೆ ನಿಜ. ಆದರೆ ಅದು ತಿನ್ನುವ ಗಂಟೆಗಳನ್ನು ಬೂಟು ಚಪ್ಪಲಿಗೆ ಕೊಟ್ಟರೆ ನೂರಹತ್ತು ಬರುತ್ತದೆ. ಒಂದೊಂದು ಜೊತೆಯಲ್ಲೂ ಇಪ್ಪತ್ತು ಕಳೆದುಕೊಳ್ಳುತ್ತಿದ್ದೇವೆ.

ಚಿಕ್ಕಪ್ಪ ಈಗ ಹಿಂಬಾಗಿಲಿನಿಂದ ಬರುತ್ತಾರೆ. ಮುಂಬಾಗಿಲಿನಿಂದ ಬಂದರೆ ಅಳತೆ ಬೆಂಚನ್ನು ದಾಟಬೇಕಲ್ಲ. ನಾನು ಹೋಗಿ, "ಚಿಕ್ಕಪ್ಪ, ನಿಮ್ಮ ಜೋಡು ಯಾರು ಮಾಡಿಕೊಡ್ತಾರೆ ಮುಂದೆ?" ಎಂದು ಕೇಳಿದೆ. ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನನ್ನ ಕಾಲನ್ನ ಈ ಲೆಕ್ಕಕ್ಕೆ ತರಬೇಡ. ನನಗಾಗಿ ಬೆಂಚು ಉಳಿಸೋದಾದ್ರೆ ಇವತ್ತೇ ಮುಚ್ಚು. ನಾನು ಯಾರ ಕನಿಕರದ ಮೇಲೂ ನಿಂತಿಲ್ಲ, ಅಟ್ಟೆ ಮೇಲೆ ನಿಂತಿದೀನಿ" ಅಂದರು.

ನಾನು ಹೊರಗೆ ಬಂದು ಬಾಗಿಲಲ್ಲಿ ರಸೀದಿ ಬರೆಯುತ್ತ ಕೂತೆ.

ನಿಮ್ಮ ಮಗಳು


ಅಕ್ಟೋಬರ್ ೧೦

ಮಗಳೇ,

ಮುಚ್ಚಿಬಿಡು.

ಕಾಗದ ನಾನು ಬರೆಸಿದ್ದು, ಸಹಿ ನನ್ನದು. ಲಾಭ ಹೆಚ್ಚಿರುವ ದಾರಿ ಅವನದು ಅಂತ ನೀನೇ ಒಪ್ಪಿದ ಮೇಲೆ ಇನ್ನು ಮಾತೇನಿದೆ? ಅಚ್ಚಿನಕ್ಕನಿಗೆ ಬೂಟಿನ ಕಡೆ ಕೆಲಸ ಕೊಡು. ಅಚ್ಚುಗಳನ್ನು ಒಲೆಗೆ ಹಾಕಬೇಡ, ಅಟ್ಟದ ಮೇಲೆ ಇಡು.

ನಿನಗೆ ಕಷ್ಟ ಕೊಟ್ಟೆ.

ಅಪ್ಪ


ನವೆಂಬರ್ ೬

ಅಪ್ಪಾ,

ನಿಮ್ಮ ಪತ್ರವನ್ನು ಅಂಟಿನ ಡಬ್ಬಕ್ಕೆ ಮುಚ್ಚಳ ಮಾಡಿದ್ದೇನೆ.

ಮುಚ್ಚುವುದಿಲ್ಲ. ನೀವು ಹೇಳಿದರೂ ಇಲ್ಲ, ಚಿಕ್ಕಪ್ಪ ಹೇಳಿದರೂ ಇಲ್ಲ. ನಿಮ್ಮಿಬ್ಬರಿಗೂ ಒಂದು ವಿಷಯದಲ್ಲಿ ಒಮ್ಮತ ಬಂತು ಎಂದು ಸಂತೋಷಪಡಬೇಕಿತ್ತೇನೋ. ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಸಲಹೆಗಾರನ ಹತ್ತಿರ ಹೋಗಿ, "ಈ ವಿಧಾನ ಯಾವಾಗಲೂ ಯಾರನ್ನಾದರೂ ಹೊರಗೆ ಹಾಕುತ್ತಾ?" ಎಂದು ಕೇಳಿದೆ.

"ಎರಡು ಮಿತಿ ಕೊಟ್ಟಿದೀರಿ. ಹೆಚ್ಚಂದ್ರೆ ಎರಡು ವಸ್ತು ಉಳೀತವೆ. ಮೂರನೇದಕ್ಕೆ ಕುರ್ಚಿ ಇಲ್ಲ" ಅಂದ.

"ಮೂರು ಮಿತಿ ಇದ್ದರೆ?"

"ಮೂರು ಉಳೀಬಹುದು."

"ಮಿತಿ ಯಾರು ಕೊಡೋದು? ಪುಸ್ತಕದಲ್ಲಿ ಇರುತ್ತಾ?"

ಅವನು ನಕ್ಕ. "ನೀವು ಕೊಡ್ತೀರಿ. ನಾನು ಬರೀ ಬಿಡಿಸ್ತೀನಿ."

ಅಪ್ಪಾ, ಇಷ್ಟು ದಿನ ನಾನು ಉತ್ತರದಲ್ಲಿ ತಪ್ಪು ಹುಡುಕುತ್ತಿದ್ದೆ. ಉತ್ತರದಲ್ಲಿ ತಪ್ಪಿಲ್ಲ. ನಾವು ಪ್ರಶ್ನೆಯನ್ನೇ ಪೂರ್ತಿ ಕೇಳಿರಲಿಲ್ಲ. ಹೋಗಿ ಮೂರನೆಯ ಸಾಲು ಬರೆದೆ: ಅಳತೆ ಜೋಡು ವಾರಕ್ಕೆ ಕನಿಷ್ಠ ಐದು ಜೊತೆ. ಯಾಕೆ ಐದು ಅಂದರೆ, ಅಷ್ಟು ಜನ ಬರುತ್ತಾರೆ. ಮತ್ತೆ ಬಿಡಿಸಿದೆ. ಬೂಟು ಮೂವತ್ತೈದು, ಚಪ್ಪಲಿ ಮೂವತ್ತು, ಅಳತೆ ಜೋಡು ಐದು. ಲಾಭ ಮೂರು ಸಾವಿರದ ನೂರು. ನಮ್ಮ ಹಟದ ಬೆಲೆ ವಾರಕ್ಕೆ ನೂರು. ಅದಕ್ಕಿಂತ ಒಂದು ಕಾಸು ಹೆಚ್ಚಿಲ್ಲ, ಕಡಿಮೆಯೂ ಇಲ್ಲ.

ಆದರೂ ಮೂರು ಸಾವಿರದ ಇನ್ನೂರೇ ಹೆಚ್ಚು. ನಿಮ್ಮ ಕಾಗದದ ಮಾತು ಹಾಗೇ ನಿಂತಿತ್ತು. ಆಗ ಅಚ್ಚಿನಕ್ಕ ಊಟದ ಹೊತ್ತಿನಲ್ಲಿ ಒಂದು ಹಳೆಯ ಜಗಳದ ಕಥೆ ಹೇಳಿದಳು. ಮೊದಲೆಲ್ಲ ಹೊಲಿಗೆ ಯಂತ್ರಗಳು ಕತ್ತಲಾಗುವವರೆಗೆ ಓಡುತ್ತಿದ್ದವಂತೆ. ದಣಿದ ಒಬ್ಬಳ ಬೆರಳಿಗೆ ಸೂಜಿ ಇಳಿದ ಮೇಲೆ, ಐದು ಗಂಟೆಗೆ ಒಬ್ಬರು ಬಂದು ಮುಖ್ಯ ಸ್ವಿಚ್ಚನ್ನೇ ಆರಿಸಿ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತರಂತೆ. "ನಿಮ್ಮಪ್ಪ ಬಾಯಿಗೆ ಬಂದ ಹಾಗೆ ಬೈದ್ರು. ನಿಮ್ಮ ಚಿಕ್ಕಪ್ಪ ಏಳಲೇ ಇಲ್ಲ. ಮಾರನೇ ದಿನವೂ ಬಂದು ಕೂತ್ರು. ಕೊನೆಗೆ ಇಬ್ಬರೂ ಸಹಿ ಹಾಕಿ ಗೋಡೆಗೆ ಅಂಟಿಸಿದ್ರಲ್ಲ, ಅದೇ ಕಣಮ್ಮಾ ಈ ಐದು ಗಂಟೆ."

ಇದನ್ನು ನೀವು ನನಗೆ ಯಾವತ್ತೂ ಹೇಳಿರಲಿಲ್ಲ.

ಹೊಲಿಗೆಯ ನೂರಿಪ್ಪತ್ತು ಗಂಟೆ ಎಂಬ ಸಾಲು ಎಲ್ಲಿಂದ ಬಂತು ಎಂದು ಈಗ ಗೊತ್ತಾಯಿತು. ಯಂತ್ರಕ್ಕೆ ಗಂಟೆಯ ಹಂಗಿಲ್ಲ. ಆ ಸಾಲು ಚಿಕ್ಕಪ್ಪ ಕುರ್ಚಿ ಹಾಕಿ ಬರೆದದ್ದು. ಅದಕ್ಕೂ ಒಂದು ಬೆಲೆ ಇದೆ, ಅದೇ ಹಾಳೆಯ ಕೆಳಗಿನ ಸಾಲಿನಲ್ಲೇ ಇದೆ. ಸಲಹೆಗಾರ ಅದಕ್ಕೆ ನೆರಳು ಬೆಲೆ ಅನ್ನುತ್ತಾನೆ. ಹೊಲಿಗೆಗೆ ಇನ್ನೊಂದು ಗಂಟೆ ಸಿಕ್ಕರೆ ಲಾಭ ಇಪ್ಪತ್ತು ಏರುತ್ತದೆ.

ಡಿಸೆಂಬರಿನಲ್ಲಿ ಚಿಕ್ಕಪ್ಪನನ್ನು ಕೂರಿಸಿ ಮಾತಾಡುತ್ತೇನೆ. ನಿಮ್ಮ ಅರ್ಧ ಪಾಲಿನ ಮಾತು ನಾನೇ ಆಡುತ್ತೇನೆ. ಬೇಡ ಅನ್ನುವುದಿದ್ದರೆ ಈಗಲೇ ಬರೆಯಿರಿ. ಬರೆದರೆ ಅಂಟಿನ ಡಬ್ಬಗಳು ಇನ್ನೂ ಇವೆ.

ನಿಮ್ಮ ಮಗಳು


ನವೆಂಬರ್ ೧೫

ಮಗಳೇ,

ಇಲ್ಲಿ ಚಳಿ ಶುರುವಾಗಿದೆ. ಕೆಮ್ಮು ಕಡಿಮೆ. ನಿನ್ನ ಭಾವ ಒಂದು ಉಣ್ಣೆಯ ಟೋಪಿ ತಂದುಕೊಟ್ಟಿದ್ದಾನೆ, ಅದನ್ನು ಹಾಕಿಕೊಂಡರೆ ನಾನು ಹಣ್ಣು ಮಾರುವವನ ಹಾಗೆ ಕಾಣುತ್ತೇನಂತೆ.

ಅಚ್ಚಿನಕ್ಕನಿಗೆ ಬಾಯಿ ಜಾಸ್ತಿ.

ಒಂದು ಕೇಳಬೇಕಿತ್ತು. ಅವನು ಮೆಟ್ಟಿಲು ಹತ್ತುವಾಗ ಸದ್ದು ಹೇಗಿದೆ? ಎರಡು ಕಾಲಿಗೂ ಒಂದೇ ಸದ್ದು ಬರಬೇಕು. ಒಂದು ಜೋರಾಗಿ, ಒಂದು ಮೆತ್ತಗೆ ಕೇಳಿಸಿದರೆ ಅಟ್ಟೆ ಸವೆದಿದೆ ಅಂತ. ಹಾಗೇ ಓಡಾಡಿದರೆ ಸೊಂಟಕ್ಕೆ ಬರುತ್ತದೆ. ನಾನು ಕೇಳಿದೆ ಅಂತ ಹೇಳಬೇಡ.

ಬೇಡ ಅಂತ ನಾನು ಬರೆಯುತ್ತಿಲ್ಲ. ನೋಡಿಕೋ.

ಅಪ್ಪ


ಡಿಸೆಂಬರ್ ೨೧

ಅಪ್ಪಾ,

ಸದ್ದು: ಒಂದು ಜೋರು, ಒಂದು ಮೆತ್ತಗೆ. ಬಹಳ ದಿನದಿಂದ. ನಿಮ್ಮ ಪತ್ರ ಬರುವವರೆಗೆ ನನ್ನ ಕಿವಿಗೆ ಬಿದ್ದಿರಲಿಲ್ಲ. ಬೆಂಚು ಮುಚ್ಚುವ ಮಾತು ಶುರುವಾಗುವ ಮೊದಲಿನಿಂದಲೇ ಅವರು ಹೊಸ ಜೋಡು ಮಾಡಿಸಿಲ್ಲ ಎಂದು ಅಚ್ಚಿನಕ್ಕ ಹೇಳಿದಳು.

ನಿನ್ನೆ ಕೂತೆವು. ಮಹಡಿಯ ಕೋಣೆ, ಮೇಜಿನ ಒಂದು ಕಡೆ ಚಿಕ್ಕಪ್ಪ, ಇನ್ನೊಂದು ಕಡೆ ನಾನು, ನಡುವೆ ಸಲಹೆಗಾರ. ಕೆಳಗೆ ಯಾವ ಯಂತ್ರವೂ ಓಡುತ್ತಿರಲಿಲ್ಲ. ಎಲ್ಲರಿಗೂ ಒಟ್ಟಿಗೇ ದಾರ ತುಂಡಾಗಿತ್ತಂತೆ.

ಚಿಕ್ಕಪ್ಪ ಕಾಗದ ಮುಂದಿಟ್ಟು, "ಇಬ್ಬರ ಮನಸ್ಸು ಕೂಡಲಿಲ್ಲ. ನಿಮ್ಮಪ್ಪ ಬರೆದ ಹಾಗೆ ಲಾಭ ಹೆಚ್ಚಿರೋ ದಾರಿ. ಮುಗೀತಲ್ಲ?" ಅಂದರು.

"ಮುಗೀಲಿಲ್ಲ ಚಿಕ್ಕಪ್ಪ. ಇದಕ್ಕಿಂತ ಲಾಭ ಇರೋ ದಾರಿ ನನ್ನ ಹತ್ರ ಇದೆ" ಅಂದೆ.

ಸಲಹೆಗಾರ ತಲೆಯೆತ್ತಿದ.

"ಹೊಲಿಗೆ ಯಂತ್ರಗಳನ್ನ ದಿನಕ್ಕೆ ಒಂದು ಗಂಟೆ ಜಾಸ್ತಿ ಓಡಿಸೋಣ. ಮೂರು ಯಂತ್ರ, ಐದು ದಿನ, ಹದಿನೈದು ಗಂಟೆ. ವಾರಕ್ಕೆ ಮುನ್ನೂರು ಏರುತ್ತೆ. ಬೆಂಚಿನಿಂದ ಹೋಗೋದು ಬರೀ ನೂರು. ಕಾಗದ ಹೆಚ್ಚು ಲಾಭ ಅಂದ ಮೇಲೆ ಐದು ಗಂಟೆಯ ನಿಯಮ ಮೊದಲು ಹೋಗಬೇಕು."

"ಅದು ಬೇರೆ ವಿಷಯ."

"ಯಾಕೆ ಬೇರೆ? ಅದೂ ಒಂದು ಸಾಲು, ಇದೂ ಒಂದು ಸಾಲು. ಅದು ಇದರ ಮೂರು ಪಟ್ಟು ದುಬಾರಿ. ಸರ್, ಸರಿ ಇದೆಯಾ?"

ಸಲಹೆಗಾರ ಪೆನ್ಸಿಲ್ ತೆಗೆದು ಲೆಕ್ಕ ಹಾಕಿದ. ಬೂಟು ಐವತ್ತೈದು, ಚಪ್ಪಲಿ ಇಪ್ಪತ್ತೈದು, ಮೂರು ಸಾವಿರದ ಐನೂರು. "ಸರಿ ಇದೆ" ಅಂದ. ಪಾಪ, ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ.

ಚಿಕ್ಕಪ್ಪ ಮೇಜು ಕುಟ್ಟಿದರು. "ಐದು ಗಂಟೆ ಮುಟ್ಟಬೇಡ! ಆ ಹುಡುಗಿ ಬೆರಳು ನಾನು ನೋಡಿದೀನಿ. ನೀನು ಆಗ ಹುಟ್ಟಿರಲಿಲ್ಲ."

"ಅದರ ಬೆಲೆ ಯಾರಾದ್ರೂ ಕೇಳಿದ್ರಾ ಆವಾಗ?"

"ಕೇಳಿದ್ರು. ನಿಮ್ಮಪ್ಪ ದಿನಾ ಕೇಳ್ತಿದ್ದ. ಎಷ್ಟಾದ್ರೂ ಆಗಲಿ ಅಂದೆ."

"ನಾನೂ ಅದನ್ನೇ ಅಂತಿದೀನಿ. ಒಂದೇ ವ್ಯತ್ಯಾಸ, ಎಷ್ಟು ಅಂತ ನನಗೆ ಗೊತ್ತು. ಎರಡು ಸಾಲನ್ನೂ ಅಳಿಸಿ, ಇಲ್ಲ ಎರಡನ್ನೂ ಇಡಿ. ಒಂದನ್ನ ಇಟ್ಟು ಒಂದನ್ನ ಅಳಿಸೋಕೆ ನಾನು ಬಿಡಲ್ಲ. ನಿಮ್ಮ ಕಾಲಿನ ಮಾತು ನಾನು ಆಡಲೇ ಇಲ್ಲ, ಗಮನಿಸಿ. ಗಂಟೆಯ ಮಾತು ಆಡಿದೆ."

ಸಲಹೆಗಾರ ಟೈ ಸಡಿಲಿಸಿಕೊಂಡ. ಚಿಕ್ಕಪ್ಪ ನನ್ನ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡು ಮೂರನೆಯ ಸಾಲನ್ನು ಓದಿದರು, ಮತ್ತೆ ಓದಿದರು. ಆಮೇಲೆ ಅದನ್ನು ಹಿಡಿದುಕೊಂಡೇ ಎದ್ದು ಹೋದರು. ಮೆಟ್ಟಿಲ ಮೇಲೆ ಒಂದು ಜೋರು, ಒಂದು ಮೆತ್ತಗೆ.

ಸಹಿ ಹಾಕಿಲ್ಲ. ಅಳಿಸಿಯೂ ಇಲ್ಲ. ಹಾಳೆ ಅವರ ಹತ್ತಿರ ಇದೆ. ಇವತ್ತು ಅವರು ಬರಲಿಲ್ಲ. ಅಳತೆ ಬೆಂಚಿನಲ್ಲಿ ಕೆಲಸ ಎಂದಿನಂತೆ ನಡೆಯಿತು. ನಾಳೆಯೂ ನಡೆಯುತ್ತದೆ.

ನಿಮ್ಮ ಮಗಳು


ಜನವರಿ ೮

ಅಣ್ಣ,

ಗೆದ್ದೆ ಅಂತ ಅಲ್ಲಿ ಬೀಗಬೇಡ. ನಿನಗಾಗಿ ಸಹಿ ಹಾಕಿದ್ದಲ್ಲ. ನಾನು ದುಡ್ಡು ಕೊಟ್ಟು ಕರೆಸಿದ ಮನುಷ್ಯನಿಂದಲೇ ವಿದ್ಯೆ ಕಲಿತು ನನ್ನನ್ನೇ ಕಟ್ಟಿಹಾಕಿದಳು ನಿನ್ನ ಮಗಳು. ಇಂಥವಳನ್ನು ಇಷ್ಟು ದಿನ ಬಾಗಿಲಲ್ಲಿ ರಸೀದಿ ಬರೆಯಲು ಕೂರಿಸಿದ್ದೆಯಲ್ಲ, ನಿನಗೆ ಏನನ್ನಬೇಕು? ಈ ತಿಂಗಳಿಂದ ವಾರದ ಲೆಕ್ಕ ಅವಳೇ ಬಿಡಿಸುತ್ತಾಳೆ. ಸಲಹೆಗಾರನಿಗೆ ಕೈಮುಗಿದು ಕಳಿಸಿದೆ. ಹೋಗುವ ಮುಂಚೆ ಅಚ್ಚಿನಕ್ಕ ಅವನ ಹಿಮ್ಮಡಿ ಸರಿ ಮಾಡಿಕೊಟ್ಟಳು.

ಮೂರನೆಯ ಸಾಲನ್ನು ಐದು ಗಂಟೆಯ ಹಾಳೆಯ ಪಕ್ಕದಲ್ಲಿ ಗೋಡೆಗೆ ಅಂಟಿಸಿದ್ದೇವೆ. ಅದರ ಬೆಲೆಯನ್ನೂ ಬರೆಸಿದ್ದೇನೆ. ಓದಿದವರಿಗೆ ಗೊತ್ತಾಗಲಿ, ಗೊತ್ತಿದ್ದೇ ಮಾಡುತ್ತಿದ್ದೇವೆ ಅಂತ.

ನಿನ್ನೆ ಮುಂಬಾಗಿಲಿನಿಂದ ಬಂದು ಬೆಂಚಿನ ಹತ್ತಿರ ನಿಂತೆ. ಅಳತೆ ತಗೋ ಅಂದೆ. ಅಚ್ಚಿನಕ್ಕ, "ಬನ್ನಿ, ದಾರಿ ತಪ್ಪಿತ್ತಾ?" ಅಂದಳು. ಅವಳ ಬಾಯಿ ನಿನಗೆ ಗೊತ್ತಲ್ಲ. ಈ ವಾರದ ಐದು ಜೊತೆಗೆ ಆಗಲೇ ಅಳತೆ ತಗೊಂಡಾಗಿತ್ತು. ನನ್ನದು ಆರನೆಯದು. ಇನ್ನೊಂದು ಇಪ್ಪತ್ತು ಹೋಗುತ್ತದೆ, ಲೆಕ್ಕ ನನಗೂ ಬರುತ್ತದೆ. ನಿನ್ನ ಮಗಳನ್ನು ಕರೆದು, ಆ ಇಪ್ಪತ್ತು ನನ್ನ ಕೈಯಿಂದ ಕೊಡುತ್ತೇನೆ, ನನಗಾಗಿ ಕಾರ್ಖಾನೆ ಅದನ್ನು ಕಳೆದುಕೊಳ್ಳುವುದು ಬೇಡ ಅಂದೆ.

ಅವಳು ಗೋಡೆಯ ಕಡೆ ಕೈ ತೋರಿಸಿದಳು. "ಸರಿಯಾಗಿ ಓದಿ ಚಿಕ್ಕಪ್ಪ. ಕನಿಷ್ಠ ಐದು ಅಂತಿದೆ" ಅಂದು ರಸೀದಿ ಹರಿದು ಕೊಟ್ಟಳು.

ಎಲ್ಲರಿಗೂ ಎಷ್ಟೋ ನನಗೂ ಅಷ್ಟೇ ಹಾಕಿದ್ದಳು.

ನಿನ್ನ ತಮ್ಮ